ಹಗೇವಿನೊಳಗಿನ ರೈಲು

ವಿವರಿಸುವುದೂ ಒಂದು ಚಟ. ಬೀಡಿ, ನಶ್ಯ, ಎಲೆಯಡಿಕೆಗಳ ಸಾಲಿನಲ್ಲಿ ಅದನ್ನು ಯಾರೂ ಸೇರಿಸುವುದಿಲ್ಲ; ಏಕೆಂದರೆ ಅದರಿಂದ ಕೆಡುವುದು ಚಟ ಇರುವವನ ಆರೋಗ್ಯವಲ್ಲ, ಎದುರಿಗೆ ಕುಳಿತವನದು. ಕೇಳಿದಷ್ಟಕ್ಕೆ ಉತ್ತರ ಕೊಟ್ಟು ಸುಮ್ಮನಾಗುವುದು ನನ್ನಿಂದ ಈವರೆಗೆ ಆಗಿಲ್ಲ. ಭರಮಸಾಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಾದರೂ ಕೇಳಿದರೆ, ಅದು ಬರಬೇಕಾದ ಹೊತ್ತು, ಹೋದ ಎಂಟು ದಿನ ಅದು ನಿಜವಾಗಿ ಬಂದ ಹೊತ್ತು, ಎರಡರ ನಡುವಿನ ವ್ಯತ್ಯಾಸ, ಇಷ್ಟನ್ನೂ ಹೇಳುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಬಂದು ಹೋಗಿರುತ್ತದೆ. ಈ ವಿವರಗಳಿಗಾಗಿ ನಾನು ತಡಕಾಡಬೇಕಾಗಿಲ್ಲ, ಎಲ್ಲವೂ ನನ್ನ ದಿನಚರಿಯಲ್ಲಿರುತ್ತವೆ. ಹೈಸ್ಕೂಲು ಮುಗಿಸಿದ ವರ್ಷದಿಂದ ಒಂದು ದಿನವೂ ತಪ್ಪದೆ ದಿನಚರಿ ಬರೆಯುತ್ತ ಬಂದಿದ್ದೇನೆ. ಎಂಟು ಪುಸ್ತಕ ತುಂಬಿವೆ. ಜ್ವರ ಬಂದ ದಿನ ಜ್ವರ ಎಷ್ಟಿತ್ತು ಎಂದು ಬರೆದಿದ್ದೇನೆ. ಬರೆಯಲಾಗದಷ್ಟು ಜ್ವರ ಬಂದ ಒಂದು ದಿನ, ಬರೆಯಲಾಗಲಿಲ್ಲ ಎಂದು ಮರುದಿನ ಬರೆದಿದ್ದೇನೆ.

ಇಂಥವನಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟ. ದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ. ಬಂದ ಕಾಗದಕ್ಕೆ ಸಂಖ್ಯೆ ಹಾಕುವುದು, ಹೋಗುವ ಕಾಗದಕ್ಕೆ ಸಂಖ್ಯೆ ಹಾಕುವುದು, ಇವೆರಡರ ನಡುವೆ ಒಂದು ಮುಖ್ಯ ಕೆಲಸವೆಂದರೆ ಸಾರಾಂಶ ಬರೆಯುವುದು. ಸಾಹೇಬರಿಗೆ ಪೂರ್ತಿ ಕಾಗದ ಓದುವಷ್ಟು ಪುರಸೊತ್ತು ಇರುವುದಿಲ್ಲ. ರೈತನೊಬ್ಬ ತನ್ನ ಅಜ್ಜನ ಕಾಲದಿಂದ ಶುರುಮಾಡಿ, ಎತ್ತು ಸತ್ತದ್ದು, ಮಗಳು ಬಸುರಿ, ಪಕ್ಕದವನು ಬದು ಒತ್ತಿದ್ದು ಎಲ್ಲ ಸೇರಿಸಿ ನಾಲ್ಕು ಪುಟ ಬರೆದಿದ್ದರೆ, ನಾನು ಅದನ್ನು ಓದಿ, ‘ಅರ್ಜಿದಾರರು ಬದುವಿನ ಅಳತೆ ಕೋರಿರುತ್ತಾರೆ’ ಎಂದು ಒಂದು ಸಾಲಿಗೆ ಇಳಿಸಿ ಮೇಲೆ ಕಳಿಸುತ್ತೇನೆ. ಈ ಕೆಲಸದಲ್ಲಿ ನನಗೆ ಹೆಸರಿದೆ. ನಮ್ಮ ಹೆಡ್ ಗುಮಾಸ್ತರು, “ಹಾಲೇಶಿ ಸಾರಾಂಶ ಬರೆದ ಅಂದ್ರೆ ಮೂಲ ನೋಡೋ ಹಂಗೇ ಇಲ್ಲ ಕಣ್ರಿ” ಎಂದು ಹೊಸಬರ ಮುಂದೆ ಹೊಗಳುತ್ತಾರೆ. ಮಾತಿನಲ್ಲಿ ಹಿಗ್ಗಿಸುವುದು, ಬರಹದಲ್ಲಿ ಕುಗ್ಗಿಸುವುದು, ಎರಡೂ ಒಬ್ಬನಲ್ಲೇ ಇರುವುದು ಅಪರೂಪ. ಈ ಎರಡು ಗುಣಗಳೂ ಸೇರಿ ನನ್ನ ಅಕ್ಕನ ಮದುವೆಯನ್ನು ಏಳು ತಿಂಗಳು ನಿಲ್ಲಿಸಿಬಿಟ್ಟವು. ಅದರ ತಪ್ಪೊಪ್ಪಿಗೆ ಇದು.

ನಮ್ಮೂರು ಭರಮಸಾಗರಕ್ಕೆ ಒಂದೂವರೆ ಮೈಲಿ. ಕುರಿ, ಜೋಳದ ಹೊಲ, ಅಪ್ಪ, ಅವ್ವ, ಅಜ್ಜಿ, ಅಕ್ಕ, ಇಷ್ಟು ನಮ್ಮ ಸಂಸಾರ. ಯಜಮಾನ ಅಪ್ಪ, ಆದರೆ ಅಪ್ಪನ ಯಜಮಾನಿಕೆಗೆ ರುಜು ಹಾಕುವವಳು ಅವನ ಅವ್ವ, ಅಂದರೆ ನಮ್ಮ ಅಜ್ಜಿ. ದೀಪಾವಳಿ ಕಳೆದ ಮೇಲಿನ ಭಾನುವಾರ ನಾನು ಊರಿಗೆ ಹೋದಾಗ, ಸರೋಜಕ್ಕನಿಗೆ ಹಿರಿಯೂರಿನಿಂದ ಒಂದು ಸಂಬಂಧ ಬಂದ ಸುದ್ದಿಯನ್ನು ಅಪ್ಪ ಅಜ್ಜಿಯ ಮುಂದೆ ಇಡುತ್ತಿದ್ದ.

“ಹುಡುಗನ ಹೆಸರು ತಿಪ್ಪೇಸ್ವಾಮಿ. ಅವ್ರಪ್ಪಂದು ತೆಂಗಿನಕಾಯಿ ಯಾಪಾರ. ಹುಡುಗ ಡಿಪ್ಲೊಮಾ ಓದಿ ಕಲ್ಕತ್ತದಾಗೆ ರೈಲ್ವೆ ಕೆಲಸದಾಗೆ ಅದಾನೆ” ಎಂದ ಅಪ್ಪ.

“ರೈಲ್ವೆ ಅಂದ್ರೆ ಬಾವುಟ ತೋರ್ಸೋದಾ?” ಎಂದಳು ಅಜ್ಜಿ.

“ಅಲ್ಲವ್ವ. ಸೂಪರ್‌ವೈಸರು. ಕೈಕೆಳಗೆ ಜನ ಅದಾರೆ.”

“ಆಗ್ಲಿ ಬಿಡು. ರೈಲು ಅಂದ್ಮೇಲೆ ಗಟ್ಟಿ ಕೆಲಸ. ಕಲ್ಕತ್ತ ದೂರ ಆತು, ಆದ್ರೂ ರೈಲಿನೋನಿಗೆ ದೂರ ಏನು, ಹತ್ತಿದ್ರೆ ಬಂದ” ಎಂದು ಅಜ್ಜಿ ಎಲೆಗೆ ಸುಣ್ಣ ಹಚ್ಚಲು ಶುರುಮಾಡಿದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚಿದಳೆಂದರೆ ಮಾತು ಮುಗಿಯಿತೆಂದು ಅರ್ಥ. ಅಡುಗೆಮನೆಯ ಬಾಗಿಲ ಹಿಂದೆ ಅಕ್ಕನ ಬಳೆ ಒಂದು ಸಲ ಸದ್ದುಮಾಡಿತು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಆದರೆ ನನಗೆ ಆ ರೈಲಿನ ವಿಷಯ ಗೊತ್ತಿತ್ತು. ಗೊತ್ತಿದ್ದದ್ದನ್ನು ಇಟ್ಟುಕೊಳ್ಳುವ ಜಾಗ ನನ್ನಲ್ಲಿಲ್ಲ. “ಅಜ್ಜಿ, ಅದು ಅಂಥಿಂಥ ರೈಲಲ್ಲ. ನೆಲದೊಳಗೆ ಓಡೋ ರೈಲು. ನಮ್ಮ ದೇಶದಾಗೆ ಇದೇ ಮೊದಲು” ಎಂದೆ.

“ನೆಲದೊಳಗೆ ಅಂದ್ರೆ?”

ನಾನು ಉಪಮೆಗಾಗಿ ಒಂದು ಕ್ಷಣ ಅತ್ತಿತ್ತ ನೋಡಿದೆ. ಅಂಗಳದ ಮೂಲೆಯಲ್ಲಿ ಚಪ್ಪಡಿ ಮುಚ್ಚಿದ ನಮ್ಮ ಹಗೇವು ಕಾಣಿಸಿತು. “ಹಗೇವು ಇಲ್ವಾ ಅಜ್ಜಿ, ಹಂಗೆ. ಊರಷ್ಟುದ್ದ ಹಗೇವು ತೋಡಿ ಮೇಲೆ ಮುಚ್ಚಿಬಿಡ್ತಾರೆ. ಒಳಗೆ ರೈಲು, ರೈಲಿನೊಳಗೆ ಜನ.”

ಅಜ್ಜಿ ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಮಡಿಚಿ ಚೀಲಕ್ಕೆ ಹಾಕಿ, ಚೀಲದ ದಾರ ಎಳೆದಳು. “ಹಿರಿಯೂರಿನೋರಿಗೆ ಬ್ಯಾಡ ಅಂತ ಹೇಳಪ್ಪ. ನಮ್ಮ ಹುಡುಗಿನ ಹಗೇವಿಗೆ ಇಳಿಯೋನಿಗೆ ಕೊಡಲ್ಲ” ಎಂದು ಎದ್ದು ಹೋದಳು.

ಹಗೇವು ಅಂದರೆ ನಮ್ಮ ಕಡೆ ಧಾನ್ಯ ಹಾಕಿಡುವ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು; ಹೊಟ್ಟೆ ದೊಡ್ಡದು. ಜೋಳ ತುಂಬಿ, ಹುಲ್ಲು ಹೊದಿಸಿ, ಮೇಲೆ ಕಲ್ಲಿಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಆದರೆ ಬಾಯಿ ತೆಗೆದ ತಕ್ಷಣ ಇಳಿಯುವಂತಿಲ್ಲ. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿಯನ್ನು ನಮ್ಮವರು ಕಾವು ಎನ್ನುತ್ತಾರೆ. ಅದು ಹೊರಗೆ ಹೋಗುವವರೆಗೆ ಕಾಯಬೇಕು. ಕಾಯದೆ ಇಳಿದವನು ಮೇಲೆ ಬರುವುದಿಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅಪ್ಪ ಕುರಿಹಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ.

“ನಮ್ಮವ್ವಂಗೆ ಒಬ್ಬ ತಮ್ಮ ಇದ್ದ ಕಣಪ್ಪ. ನಾನಿನ್ನೂ ಹುಟ್ಟಿರ್ಲಿಲ್ಲ. ನಮ್ಮ ಅಂಗಳದ ಈ ಹಗೇವಿನ ಬಾಯಿ ತೆಗೆದಿದ್ರು, ಸಂಜೆತಂಕ ತಡೆಯೋ ಅಂತ ನಮ್ಮವ್ವ ಹೇಳ್ತಿದ್ದಂಗೇ, ಏನೂ ಆಗಲ್ಲ ಬಿಡಕ್ಕ ಅಂತ ಇಳಿದ. ಅಷ್ಟೆ.” ಅಪ್ಪ ಹಟ್ಟಿಯ ಬಾಗಿಲ ಹಗ್ಗ ಬಿಗಿದು ಕಟ್ಟಿದ. “ಬಾವಿ ಅಂದಿದ್ರೆ ನಡೀತಿತ್ತು. ಗವಿ ಅಂದಿದ್ರೂ ನಡೀತಿತ್ತು. ನಿಂಗೆ ಬ್ಯಾರೆ ಏನೂ ಸಿಗ್ಲಿಲ್ವೇನಪ್ಪ?”

ಎಂಟು ಪುಸ್ತಕ ದಿನಚರಿ ತುಂಬಿಸಿದವನಿಗೆ ತನ್ನ ಮನೆಯ ಅಂಗಳದ ಹಗೇವಿನ ಇತಿಹಾಸ ಗೊತ್ತಿರಲಿಲ್ಲ. ಆ ದಿನ ಅದನ್ನೂ ಬರೆದುಕೊಂಡೆ.

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಸಂಜೆ ಬಸ್ಸಿಗೆ ಹೊರಟವನಿಗೆ ರೊಟ್ಟಿ ಗಂಟು ಕೊಡುತ್ತ, “ಲೇ, ಸುರಂಗ ಅನ್ನಾಕೆ ನಿಂಗೆ ಏನಾಗಿತ್ತು? ದುರ್ಗದಾಗೆ ಇದ್ದು ಸುರಂಗ ಅನ್ನೋ ಮಾತು ಬಾಯಿಗೆ ಬರ್ಲಿಲ್ವಾ?” ಎಂದಳು. ಹುಡುಗನನ್ನು ಅವಳು ಒಂದೇ ಒಂದು ಸಲ, ಹಿರಿಯೂರಿನ ಒಂದು ಮದುವೆಯಲ್ಲಿ ನೋಡಿದ್ದಳು. ಹೇಗಿದ್ದಾನೆ ಎಂದು ಕೇಳಿದೆ. “ಪಾಯಸ ಬಡಿಸಾಕೆ ಬಂದಿದ್ರು. ಚೆಲ್ಲಲಿಲ್ಲ” ಎಂದಳು. ಇಷ್ಟು ಚಿಕ್ಕ ಸಾರಾಂಶ ನಾನೂ ಬರೆದವನಲ್ಲ. ಆದರೆ ಅದನ್ನು ಹೇಳುವಾಗ ಅವಳು ರೊಟ್ಟಿ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ ರೀತಿ ನೋಡಿ, ಈ ಮದುವೆ ನಡೆಯದಿದ್ದರೆ ನಾನು ಅವಳ ಮುಖ ನೋಡುವಂತಿಲ್ಲ ಎಂದು ತಿಳಿಯಿತು.

ಅಕ್ಕ ಹೇಳಿದ್ದು ಸರಿಯೇ. ದುರ್ಗದವರಿಗೆ ಸುರಂಗ ಹೊಸದಲ್ಲ. ಕೋಟೆಯೊಳಗಿನಿಂದ ಹೊರಡುವ ಗುಪ್ತ ಸುರಂಗದ ಬಗ್ಗೆ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ವಾರ ಬೇಸರ ಕಳೆಯಲು ನಾನು ಅದರ ಲೆಕ್ಕ ತೆಗೆದೆ. ಹದಿನಾಲ್ಕು ಜನರನ್ನು ಕೇಳಿದೆ. ಅವರ ಪ್ರಕಾರ ಸುರಂಗವು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೇರಿ ಒಟ್ಟು ಒಂಬತ್ತು ಊರುಗಳಿಗೆ ಹೋಗುತ್ತದೆ. ಹೊಳಲ್ಕೆರೆಯ ಕಡೆಯದರಲ್ಲಿ ಕುದುರೆ ಸವಾರ ತಲೆ ಬಗ್ಗಿಸದೆ ಹೋಗಬಹುದಂತೆ. ಒಳಗೆ ಹೋದವರು ಮಾತ್ರ ಹದಿನಾಲ್ಕರಲ್ಲಿ ಯಾರೂ ಇಲ್ಲ. ಇವೆಲ್ಲ ನಿಜವಾಗಿದ್ದರೆ ಲಂಡನ್ನಿನವರು ಯೋಚಿಸುವ ಮೊದಲೇ ನಮ್ಮಲ್ಲಿ ಒಂಬತ್ತು ದಾರಿಯ ನೆಲದೊಳಗಿನ ಸಾರಿಗೆ ಇತ್ತೆಂದಾಯಿತು. ಇಲ್ಲದ್ದು ಟಿಕೆಟ್ಟು ಕೊಡುವ ಕಿಟಕಿ ಒಂದೇ. ನಮ್ಮ ಹೆಡ್ ಗುಮಾಸ್ತರಿಗೆ ಸುರಂಗದಲ್ಲಿ ಪೂರ್ಣ ನಂಬಿಕೆ, ರೈಲಿನಲ್ಲಿ ಅನುಮಾನ. “ಸುರಂಗ ತೋಡಬಹುದು ಕಣ್ರಿ. ಆದ್ರೆ ಹೊಗೆ? ಎಂಜಿನ್ನು ಒಳಗೆ ಹೊಗೆ ಬಿಟ್ರೆ ಜನ ಕರ್ರಗಾಗಿ ಈಚೆ ಬರ್ತಾರಲ್ರಿ” ಎಂದರು. ಇದು ವಿದ್ಯುತ್ತಿನ ರೈಲು, ಹೊಗೆ ಇರುವುದಿಲ್ಲ ಎಂದೆ. “ಹೊಗೆ ಇಲ್ಲದ್ದು ಎಂಥಾ ರೈಲ್ರಿ” ಎಂದು ಅವರು ಕಡತಕ್ಕೆ ತಿರುಗಿದರು.

ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. ಲಂಡನ್ನಿನಲ್ಲಿ ಮೊದಮೊದಲು ಹೊಗೆ ಉಗುಳುವ ಎಂಜಿನ್ನುಗಳನ್ನೇ ನೆಲದೊಳಗೆ ಓಡಿಸಿದರಂತೆ, ಜನ ಕೆಮ್ಮುತ್ತಲೇ ಹತ್ತಿ ಕೆಮ್ಮುತ್ತಲೇ ಇಳಿದರಂತೆ. ಕೆಮ್ಮಿದರೂ ಹತ್ತುವುದನ್ನು ಬಿಡಲಿಲ್ಲ. ಈ ಸಂಗತಿಯನ್ನು ವಾಚನಾಲಯದಲ್ಲಿ ಓದಿದ ದಿನ ನನಗೆ ಆ ರೈಲಿನ ಮೇಲೆ ಒಂದು ಬಗೆಯ ಭಕ್ತಿಯೇ ಹುಟ್ಟಿತ್ತು. ಮೇಲೆ ಜಾಗ ಸಾಲದಾದಾಗ ಮನುಷ್ಯ ಪಕ್ಕದವನ ಬದು ಒತ್ತುತ್ತಾನೆ. ಅದಕ್ಕೆ ನನ್ನ ಟಪಾಲಿನಲ್ಲಿ ದಿನವೂ ಸಾಕ್ಷಿ ಬರುತ್ತದೆ. ಯಾರ ಬದುವನ್ನೂ ಒತ್ತದೆ, ಯಾರ ಮನೆಯನ್ನೂ ಸರಿಸದೆ, ಎಲ್ಲರ ಕಾಲಡಿಯಲ್ಲಿ ಒಂದು ಹೊಸ ದಾರಿ ಮಾಡಿಕೊಳ್ಳೋಣ ಎಂದು ಯೋಚಿಸಿದ ತಲೆ ಎಂಥದ್ದಿರಬೇಕು. ಹಳೆಯ ಪತ್ರಿಕೆಯೊಂದರಲ್ಲಿ ಬಂದ ಚಿತ್ರವನ್ನು ಕತ್ತರಿಸಿ ದಿನಚರಿಗೆ ಅಂಟಿಸಿಕೊಂಡಿದ್ದೆ. ಅದರಲ್ಲಿ ಮೆಟ್ಟಿಲುಗಳೇ ನಡೆಯುತ್ತಿದ್ದವು, ಜನ ಸುಮ್ಮನೆ ನಿಂತಿದ್ದರು. ನಾನು ಕೋಟೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುವಾಗಲೆಲ್ಲ ಆ ಚಿತ್ರ ನೆನಪಾಗುತ್ತಿತ್ತು.

ಹಿರಿಯೂರಿನವರು ಒಳ್ಳೆಯವರು. ಹುಡುಗನಿಗೆ ರಜೆ ಸಿಗುವುದೇ ಜೂನ್ ತಿಂಗಳಲ್ಲಿ, ಅಲ್ಲಿಯವರೆಗೆ ಕಾಯುತ್ತೇವೆ, ಆಮೇಲೆ ಹೊಸದುರ್ಗದ ಕಡೆಯಿಂದ ಬಂದ ಇನ್ನೊಂದು ಸಂಬಂಧ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅಂದರೆ ನನಗೆ ಏಳು ತಿಂಗಳು ಅವಧಿ. ಕೆಡಿಸಿದವನೇ ಸರಿಮಾಡಬೇಕು ಎಂದು ನಾನು ಕ್ರಮವಾಗಿ ಕೆಲಸ ಶುರುಮಾಡಿದೆ. ಮುಂದಿನ ಭಾನುವಾರ ಅಜ್ಜಿಯ ಮುಂದೆ ಕುಳಿತು, “ಅಜ್ಜಿ, ನಿನ್ನ ಅನುಮಾನ ಏನೇನು ಐತೆ, ಒಂದೊಂದೇ ಹೇಳು. ನಾನು ಬರ್ಕಂತೀನಿ. ಅವ್ರನ್ನೇ ಕೇಳಾಣ” ಎಂದೆ.

ಅಜ್ಜಿ ನನ್ನ ನೋಟುಪುಸ್ತಕದ ಕಡೆ ನೋಡಿ, “ಬರ್ಕ. ಒಂದು, ನೀರು. ಹಗೇವಿಗೆ ಗಟ್ಟಿ ನೆಲ ಬೇಕು. ನದಿ ಪಕ್ಕದ ಊರಂತೆ ಅದು. ನೀರು ಬಂದ್ರೆ ಏನ್ಮಾಡ್ತಾರೆ? ಎರಡು, ಕಾವು ಎಲ್ಲಿಂದ ಹೋಗ್ತೈತೆ? ಮೂರು, ಬಾಯಿ ಎಷ್ಟು? ಒಂದೇ ಬಾಯಿ ಆದ್ರೆ ಅದನ್ನ ಕಾಯೋರು ಯಾರು?” ಎಂದಳು. ನಾನು ಬರೆದುಕೊಂಡೆ. ಎದ್ದು ಬರುವಾಗ ಹಿಂದಿನಿಂದ ಕರೆದು ನಾಲ್ಕನೆಯದನ್ನು ಸೇರಿಸಿದಳು: “ಹುಡುಗ ಏನಂತಾನೆ ಅಂತ ಕೇಳು.”

ಮದುವೆಯಾಗದ ಹೆಣ್ಣಿರುವ ಮನೆಗೆ ಹುಡುಗ ನೇರವಾಗಿ ಕಾಗದ ಬರೆಯುವುದು ಸರಿಯಲ್ಲವೆಂದು ನನ್ನ ದುರ್ಗದ ಕೋಣೆಯ ವಿಳಾಸ ಕೊಟ್ಟು ಬರೆದೆ. ಉತ್ತರ ಹನ್ನೊಂದನೆಯ ದಿನ ಬಂತು. ತಿಪ್ಪೇಸ್ವಾಮಿ ನಗಾಡಿರಲಿಲ್ಲ. ‘ಅಜ್ಜಿಯವರು ಕೇಳಿರುವ ಮೂರು ಪ್ರಶ್ನೆಗಳನ್ನೇ ನಮ್ಮ ದೊಡ್ಡ ಎಂಜಿನಿಯರು ಮೊದಲ ದಿನ ನಮ್ಮ ಮುಂದೆ ಇಟ್ಟರು’ ಎಂದು ಶುರುಮಾಡಿ ಆರು ಪುಟ ಬರೆದಿದ್ದ. ಆರು ಪುಟವನ್ನು ಅಜ್ಜಿಗೆ ಓದಿ ಹೇಳುವುದೆಂದರೆ ಸಾಹೇಬರ ಮುಂದೆ ಮೂಲ ಅರ್ಜಿ ಇಟ್ಟಂತೆ. ನಾನು ಕಾಗದಕ್ಕೆ ಸಂಖ್ಯೆ ಹಾಕಿ, ಬೇಕಾದ್ದನ್ನು ಉಳಿಸಿ, ಬೇಡದ್ದನ್ನು ಬಿಟ್ಟು, ಅಚ್ಚುಕಟ್ಟಾಗಿ ಒಂದು ಪುಟದ ಸಾರಾಂಶ ಮಾಡಿದೆ. ಮೂಲವನ್ನು ದುರ್ಗದಲ್ಲಿ ಕಡತಕ್ಕೆ ಸೇರಿಸಿ, ಸಾರಾಂಶವನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದೆ.

ಓದುತ್ತ ಹೋದಂತೆ ಅಜ್ಜಿ ಮುಂದಕ್ಕೆ ಬಾಗಿದಳು. ಕಲ್ಕತ್ತದ ನೆಲ ಸ್ವಲ್ಪ ಅಗೆದರೆ ನೀರು. ಹಾಗಾಗಿ ಅಲ್ಲಿ ಮೊದಲು ಗುಂಡಿ ತೋಡುವುದಿಲ್ಲ, ಮೊದಲು ಗೋಡೆ ಇಳಿಸುತ್ತಾರೆ. ರಸ್ತೆಯ ಎರಡು ಬದಿಗೂ ಕಿರಿದಾಗಿ ಆಳವಾಗಿ ಸೀಳುತ್ತಾರೆ. ಸೀಳಿದ ಜಾಗ ಕುಸಿಯದ ಹಾಗೆ ಅದರ ತುಂಬ ಒಂದು ಬಗೆಯ ಜೇಡಿಯ ಕೆಸರು ತುಂಬುತ್ತಾರೆ. ಆಮೇಲೆ ತಳದಿಂದ ಕಾಂಕ್ರೀಟು ಸುರಿಯುತ್ತ ಬಂದರೆ ಕೆಸರು ತಾನೇ ಮೇಲೆದ್ದು ಹೊರಗೆ ಬರುತ್ತದೆ. ಗೋಡೆ ಗಟ್ಟಿಯಾದ ಮೇಲೆ ನಡುವಿನ ಮಣ್ಣು ತೆಗೆಯುತ್ತಾರೆ. ಮೇಲೆ ಹಲಗೆ ಹಾಸಿದ್ದಾರೆ, ಅದರ ಮೇಲೆ ಊರಿನ ಜನ ಎಂದಿನಂತೆ ಓಡಾಡುತ್ತಾರೆ. ಕಾವು ಹೋಗಲು ದೊಡ್ಡ ದೊಡ್ಡ ಫ್ಯಾನುಗಳು ಬರುತ್ತವೆ. ಬಾಯಿ ಒಂದಲ್ಲ, ಒಂದೊಂದು ಸ್ಟೇಷನ್ನಿಗೂ ಹಲವು.

“ಕೆಸರಿಗೆ ಕೆಸರನ್ನೇ ಕಾವಲು ಇಟ್ರಾ?” ಎಂದಳು ಅಜ್ಜಿ. “ಮೊದಲು ಗೋಡೆ, ಆಮ್ಯಾಲೆ ಕೋಣೆ. ಭಾರಿ ಜಾಣರಪ್ಪ.” ಅವಳ ಮುಖದಲ್ಲಿ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನಿಗೆ ಕೊಡುವ ಮರ್ಯಾದೆ ಇತ್ತು. ನಾನು ಗೆದ್ದೆ ಎಂದುಕೊಂಡೆ. ಆಗ ಅವಳು ಕೇಳಿದಳು, “ಹುಡುಗ ಏನಂತಾನೆ?”

“ಏನೂ ಭಯ ಇಲ್ಲ ಅಂತಾರೆ ಅಜ್ಜಿ.”

ಅಜ್ಜಿ ಹಿಂದಕ್ಕೆ ಸರಿದು ಕುಳಿತಳು. “ಹಂಗಂತಾನಾ” ಎಂದಳು. ಎಲೆ ಚೀಲ ಬಿಚ್ಚಲಿಲ್ಲ.

ಹೀಗೆ ಜೂನ್ ತಿಂಗಳೊಳಗೆ ನಾಲ್ಕು ಸುತ್ತು ನಡೆಯಿತು. ನಾಲ್ಕು ಕಾಗದ ಹೋದವು, ನಾಲ್ಕು ಬಂದವು. ಅಜ್ಜಿಯ ಪ್ರಶ್ನೆ ಒಟ್ಟು ಹತ್ತೊಂಬತ್ತು. ಒಳಗೆ ಕತ್ತಲಾದರೆ ಏನು, ರೈಲು ನಡುವೆ ನಿಂತರೆ ಜನ ಯಾವ ಕಡೆ ನಡೆಯಬೇಕು, ಮಳೆನೀರು ಮೆಟ್ಟಿಲಿನಲ್ಲಿ ಇಳಿದರೆ ಏನು, ಇಲಿ ಹೆಗ್ಗಣ ಗೋಡೆ ಕೊರೆದರೆ ಏನು. ಒಂದೊಂದಕ್ಕೂ ತಿಪ್ಪೇಸ್ವಾಮಿ ವಿವರವಾಗಿ ಬರೆದ. ಇನ್ನೂ ಓಡದ ರೈಲಿನ ಬಗ್ಗೆ ನಮ್ಮೂರಿನಷ್ಟು ತಿಳಿದ ಊರು ಕಲ್ಕತ್ತ ಬಿಟ್ಟರೆ ಇನ್ನೊಂದಿರಲಿಲ್ಲ. ಅಜ್ಜಿ ಕುರಿ ಕಾಯಲು ಬರುವವರನ್ನು ನಿಲ್ಲಿಸಿ ಕೆಸರಿನ ಗೋಡೆಯ ಉಪಾಯವನ್ನು ಹೇಳತೊಡಗಿದಳು. ಆ ರೈಲನ್ನು ಅವಳು ನನಗಿಂತ ಹೆಚ್ಚು ಮೆಚ್ಚಿದ್ದಳು. ಆದರೆ ಪ್ರತಿ ಸಲವೂ ಕೊನೆಗೆ ಅದೇ ಪ್ರಶ್ನೆ, ಹುಡುಗ ಏನಂತಾನೆ. ನನ್ನದು ಅದೇ ಉತ್ತರ, ಏನೂ ಭಯ ಇಲ್ಲ ಅಂತಾರೆ. ಪ್ರತಿ ಸಲವೂ ಅವಳು ಹಿಂದಕ್ಕೆ ಸರಿಯುತ್ತಿದ್ದಳು. ರೈಲು ಒಪ್ಪಿಗೆ, ಹುಡುಗ ಒಪ್ಪಿಗೆಯಿಲ್ಲ. ಇದಕ್ಕೆ ಕಾರಣವೇ ನನಗೆ ಹೊಳೆಯಲಿಲ್ಲ. ಅಕ್ಕನಂತೂ ನನ್ನೊಡನೆ ಮಾತು ಕಡಿಮೆ ಮಾಡಿ, ಭಾನುವಾರದ ರೊಟ್ಟಿ ಗಂಟನ್ನು ಅವ್ವನ ಕೈಯಲ್ಲಿ ಕೊಡಿಸುತ್ತಿದ್ದಳು. ನಾಲ್ಕನೆಯ ಸಾರಾಂಶ ಓದಿದ ದಿನ ಮಾತ್ರ ಬಾಗಿಲ ಹತ್ತಿರ ನಿಂತು, “ಲೇ, ಕಾಗದದಾಗೆ ಬರೀ ಮಣ್ಣು ಸಿಮೆಂಟೇನಾ? ಬ್ಯಾರೆ ಏನೂ ಬರೆಯಲ್ವಾ ಅವ್ರು?” ಎಂದು ಕೇಳಿದಳು. ವಿಷಯಕ್ಕೆ ಸಂಬಂಧಪಟ್ಟದ್ದು ಅಷ್ಟೇ ಎಂದೆ.

ಜೂನ್ ಮೊದಲ ವಾರ ತಿಪ್ಪೇಸ್ವಾಮಿ ರಜೆಯ ಮೇಲೆ ಹಿರಿಯೂರಿಗೆ ಬಂದವನು, ಒಂದು ಸಲ ಅಜ್ಜಿಯನ್ನು ನೋಡಿಯೇ ಹೋಗುತ್ತೇನೆ, ಹೆಣ್ಣು ಕೊಡದಿದ್ದರೂ ಚಿಂತೆಯಿಲ್ಲ ಎಂದು ತನ್ನ ಅಪ್ಪನ ಜೊತೆ ನಮ್ಮೂರಿಗೆ ಬಂದ. ಭರಮಸಾಗರದ ಬಸ್ ನಿಲ್ದಾಣಕ್ಕೆ ಹೋಗಿ ನಾನೇ ಕರೆತಂದೆ. ಕೈಯಲ್ಲಿ ಕಡತ ಹಿಡಿದುಕೊಂಡಿದ್ದೆ. ಯಾವ ಪ್ರಶ್ನೆಗೆ ಯಾವ ತಾರೀಖಿನಲ್ಲಿ ಏನು ಉತ್ತರ ಎಂದು ಕೇಳಿದರೆ ತೋರಿಸಲು ಬೇಕಾಗಬಹುದೆಂದು ನಾಲ್ಕೂ ಮೂಲ ಕಾಗದಗಳನ್ನು ಅದರಲ್ಲಿ ಸೇರಿಸಿದ್ದೆ. ಇಷ್ಟು ಅಚ್ಚುಕಟ್ಟು ಬೇಕಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

“ಬರ್ರಿ, ಕುಂತ್ಕಳ್ರಿ” ಎಂದ ಅಪ್ಪ. ಅಜ್ಜಿ ಕಂಬಕ್ಕೆ ಒರಗಿ ಕುಳಿತಿದ್ದಳು. ಹುಡುಗ ಕಪ್ಪಗೆ, ತೆಳ್ಳಗೆ ಇದ್ದ. ಅಂಗಳ ದಾಟಿ ಬರುವಾಗ ಮೂಲೆಯ ಚಪ್ಪಡಿಯನ್ನು ನೋಡಿ, ಅದರ ಮೇಲೆ ಕಾಲಿಡದೆ ಸುತ್ತಿ ಬಂದ. ಅಜ್ಜಿ ಅದನ್ನು ಗಮನಿಸಿದಳು.

“ಏನಪ್ಪ, ದಿನಾ ಇಳೀತೀಯಾ?” ಎಂದಳು.

“ಇಳೀತೀನಿ ಅಜ್ಜಿ.”

“ಭಯ ಇಲ್ವಂತೆ ನಿಂಗೆ?”

ತಿಪ್ಪೇಸ್ವಾಮಿ ಗೊಂದಲದಿಂದ ನನ್ನ ಕಡೆ ನೋಡಿದ. “ಹಂಗಂತ ಯಾರು ಹೇಳಿದ್ರು? ಭಯ ಐತಲ್ಲ ಅಜ್ಜಿ. ಮೊದಲ್ನೇ ಕಾಗದದಾಗೇ ಬರೆದಿದ್ನಲ್ಲ. ನಾಲ್ಕು ಕಾಗದದಾಗೂ ಬರೆದೀನಿ.”

ಅಜ್ಜಿ ನನ್ನ ಕಡೆ ತಿರುಗಿದಳು. ಅಪ್ಪ, ಅವ್ವ, ಹಿರಿಯೂರಿನ ಯಜಮಾನರು, ಎಲ್ಲರೂ ತಿರುಗಿದರು. ಇಂಥ ಹೊತ್ತಿನಲ್ಲಿ ಕಚೇರಿಯಲ್ಲಾದರೆ ಕಡತ ಕಾಣೆಯಾಗುತ್ತದೆ. ನನ್ನದು ಮೊಣಕಾಲ ಮೇಲೇ ಇತ್ತು.

“ಓದು. ನಿಂದಲ್ಲ, ಅವನು ಬರೆದದ್ದು. ಬಿಟ್ಟಿದ್ದೆಲ್ಲ ಓದು” ಎಂದಳು ಅಜ್ಜಿ.

ಓದಿದೆ. ‘ಅಜ್ಜಿಯವರಿಗೆ ಸುಳ್ಳು ಬರೆಯಬಾರದು. ದಿನವೂ ಏಣಿಯ ಮೊದಲ ಮೆಟ್ಟಿಲಿನಲ್ಲಿ ಕಾಲಿಡುವಾಗ ನನಗೆ ಹೆದರಿಕೆಯಾಗುತ್ತದೆ. ಒಂದು ಸಲ ನೀರು ನುಗ್ಗಿ ಮೊಣಕಾಲಿನವರೆಗೆ ಬಂದಿತ್ತು. ನನ್ನ ಕೈಕೆಳಗಿನವರಲ್ಲಿ ಹೆದರಿಕೆ ಇಲ್ಲ ಎನ್ನುವವನನ್ನು ನಾನು ಮೇಲೇ ನಿಲ್ಲಿಸುತ್ತೇನೆ. ಹೆದರುವವನು ಗೋಡೆ ತಟ್ಟಿ ನೋಡುತ್ತಾನೆ, ಗಾಳಿ ಮೂಸಿ ನೋಡುತ್ತಾನೆ, ಆಮೇಲೆ ಕಾಲಿಡುತ್ತಾನೆ. ತಡೆಯಿರಿ ಎಂದು ಮೇಲಿನಿಂದ ಯಾರಾದರೂ ಕೂಗಿದರೆ ಅವನಿಗೆ ಕೇಳಿಸುತ್ತದೆ.’ ಈ ಭಾಗವನ್ನು ನಾನು, ಅಜ್ಜಿಯ ಭಯ ಹೆಚ್ಚಾದೀತೆಂದು, ‘ಭಯಕ್ಕೆ ಕಾರಣವಿರುವುದಿಲ್ಲ’ ಎಂದು ಒಂದು ಸಾಲಿಗೆ ಇಳಿಸಿದ್ದೆ.

‘ಏನೂ ಆಗಲ್ಲ’ ಎಂದು ಇಳಿದ ತಮ್ಮನ ಮಾತನ್ನೇ ನಾನು ನಾಲ್ಕು ಸಲ ಅವಳಿಗೆ ಒಪ್ಪಿಸಿದ್ದೆ. ಅಜ್ಜಿ ಕಂಬ ಬಿಟ್ಟು ಮುಂದಕ್ಕೆ ಬಾಗಿದಳು. ಆಮೇಲೆ ಹುಡುಗನಿಗೆ, “ತಡಿ ಅಂದ್ರೆ ತಡೀತೀಯಾ?” ಎಂದು ಕೇಳಿದಳು.

“ತಡೀತೀನಿ ಅಜ್ಜಿ. ಏಳು ತಿಂಗಳು ತಡೆದಿದ್ದೀನಲ್ಲ” ಎಂದ ತಿಪ್ಪೇಸ್ವಾಮಿ.

ಅಜ್ಜಿ ನಕ್ಕಳು. ಆ ನಗು ನಾನು ನೋಡಿ ಎಷ್ಟೋ ದಿನವಾಗಿತ್ತು. ಅವಳು ಎಲೆ ಚೀಲ ಬಿಚ್ಚಿ, ಮೊದಲ ಎಲೆಗೆ ಸುಣ್ಣ ಹಚ್ಚಿ ತಾನು ಹಾಕಿಕೊಳ್ಳದೆ ಹಿರಿಯೂರಿನ ಯಜಮಾನರ ಕೈಗೆ ಕೊಟ್ಟಳು. ಎಲ್ಲರೂ ಉಸಿರು ಬಿಟ್ಟರು. ನಾನೂ ಮೆಲ್ಲಗೆ ಕಡತ ಕಟ್ಟತೊಡಗಿದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಅಕ್ಕ ಹೊರಗೆ ಬಂದು, ಹಿರಿಯರೆಲ್ಲ ಕುಳಿತಿದ್ದಾರೆ ಎನ್ನುವುದನ್ನೂ ಲೆಕ್ಕಿಸದೆ, “ಇನ್ನೂ ಏನೇನು ಬಿಟ್ಟಿದ್ದೀಯ, ಕೊಡಿಲ್ಲಿ” ಎಂದು ಕಡತ ಕಿತ್ತುಕೊಂಡು ಒಳಗೆ ಹೋದಳು. ಆಗ ನನಗೆ ಬಿಟ್ಟ ಉಳಿದ ಸಾಲುಗಳು ನೆನಪಾದವು. ಎರಡನೆಯ ಕಾಗದದ ಕೊನೆಯಲ್ಲಿ, ‘ಅಜ್ಜಿಯವರು ಇಷ್ಟು ಕೇಳಿದ್ದಾರೆ, ನಿಮ್ಮ ಅಕ್ಕನವರು ಏನೂ ಕೇಳಲಿಲ್ಲವೇ? ಅವರದೂ ಒಂದು ಪ್ರಶ್ನೆ ಇದ್ದರೆ ಬರೆದು ಕಳಿಸಿ’ ಎಂದಿತ್ತು. ಮೂರನೆಯದರಲ್ಲಿ, ‘ಅವರ ಪ್ರಶ್ನೆ ಇನ್ನೂ ಬಂದಿಲ್ಲ’ ಎಂದಿತ್ತು. ನಾಲ್ಕನೆಯದರಲ್ಲಿ, ‘ಅವರಿಗೆ ಇಷ್ಟವಿಲ್ಲದಿದ್ದರೆ ಅದನ್ನಾದರೂ ತಿಳಿಸಿ, ಮದುವೆ ಮನೆಯಲ್ಲಿ ಅವರಿಗೆ ಬಡಿಸುವಾಗ ಕೈ ನಡುಗದಂತೆ ನೋಡಿಕೊಳ್ಳಲು ಬಹಳ ಕಷ್ಟವಾಗಿತ್ತು’ ಎಂದಿತ್ತು. ಇವು ಮೂರನ್ನೂ ನಾನು ವಿಷಯಕ್ಕೆ ಸಂಬಂಧಪಡದ್ದು ಎಂದು ಬಿಟ್ಟಿದ್ದೆ.

ಒಳಗಿನಿಂದ ಹಾಳೆ ಮಗುಚುವ ಸದ್ದು ಕೇಳಿಸಿತು. ಆಮೇಲೆ ಅಕ್ಕ ಪಾಯಸದ ಲೋಟಗಳನ್ನು ತಂದು ಎಲ್ಲರಿಗೂ ಕೊಟ್ಟಳು. ಕಣ್ಣು ಕೆಂಪಗಿದ್ದವು, ಮುಖ ನಗುತ್ತಿತ್ತು. ನನಗೆ ಕೊಡುವಾಗ ಲೋಟ ತುಂಬಿರಲಿಲ್ಲ. “ಸಾರಾಂಶ” ಎಂದಳು.

ಅದೇ ರಜೆಯಲ್ಲಿ, ಆಷಾಢ ಹುಟ್ಟುವ ಮೊದಲು ಮದುವೆಯಾಯಿತು. ಅಜ್ಜಿ ಮದುವೆಗೆ ಬಂದವರಲ್ಲಿ ಸಿಕ್ಕಸಿಕ್ಕವರಿಗೆ, “ನಮ್ಮ ಹುಡುಗಿ ಗಂಡ ಕಲ್ಕತ್ತದಾಗೆ ಹಗೇವು ಕಟ್ತಾನೆ, ಊರಷ್ಟುದ್ದದ್ದು” ಎಂದು ಹೇಳಿಕೊಂಡಳು. ಈಗ ಅಕ್ಕ ತಿಂಗಳಿಗೊಂದು ಕಾಗದ ಬರೆಯುತ್ತಾಳೆ. ಭಾವ ಒಂದು ಭಾನುವಾರ ಅವಳನ್ನು ಕೆಲಸದ ಜಾಗಕ್ಕೆ ಕರೆದುಕೊಂಡು ಹೋಗಿ ಹಲಗೆಯ ಸಂದಿಯಿಂದ ಕೆಳಗೆ ತೋರಿಸಿದರಂತೆ. ಮೇಲೆ ಜಾತ್ರೆಯಂಥ ಗದ್ದಲ, ಕೆಳಗೆ ಉದ್ದಕ್ಕೆ ಕಣ್ಣು ಹೋದಷ್ಟು ದೂರ ತಣ್ಣಗೆ ನಿಂತ ಗೋಡೆಗಳು, ನೋಡಿ ಮೈ ಜುಮ್ಮೆಂದಿತು ಎಂದು ಬರೆದಿದ್ದಾಳೆ. ಅದನ್ನು ಕೇಳಿದ ದಿನ ನಾನೂ ದಿನಚರಿಯಲ್ಲಿ ಎರಡು ಪುಟ ಬರೆದೆ. ಕೇಳಿದ ದಿನ ಎಂದು ಏಕೆ ಹೇಳಿದೆನೆಂದರೆ, ಆ ಕಾಗದಗಳು ನನಗೆ ಬರುವುದಿಲ್ಲ. ಅಜ್ಜಿಯ ಹೆಸರಿಗೆ ಬರುತ್ತವೆ, ಪ್ರತಿಯೊಂದರ ಮೇಲೂ ಕೆಂಪು ಶಾಯಿಯಲ್ಲಿ, ‘ಇದನ್ನು ಶಾಲೆ ಮಾಸ್ತರ ಕೈಯಲ್ಲಿ ಓದಿಸುವುದು. ಹಾಲೇಶಿಯ ಕೈಗೆ ಕೊಡಬಾರದು’ ಎಂದು ಬರೆದಿರುತ್ತದೆ.

ಮಾಸ್ತರು ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಯಲ್ಲಿ ಕುಳಿತು, ಕನ್ನಡಕ ಏರಿಸಿ, ತಾರೀಖಿನಿಂದ ಹಿಡಿದು ರುಜುವಿನವರೆಗೆ ಒಂದಕ್ಷರ ಬಿಡದೆ ಓದುತ್ತಾರೆ. ನೆರೆಯವರು ಹತ್ತು ಹನ್ನೆರಡು ಜನ ಸೇರಿರುತ್ತಾರೆ. ಕಾಗದದಲ್ಲಿ ನಡುನಡುವೆ ನನ್ನ ಬಗ್ಗೆಯೂ ಒಂದೆರಡು ಮಾತು ಇರುತ್ತವೆ. ಈವರೆಗೆ ಅಂಥ ಹದಿಮೂರು ಮಾತು ಬಂದಿವೆ, ಒಂದೂ ಒಳ್ಳೆಯದಲ್ಲ. ಅವನ್ನೂ ಮಾಸ್ತರು ಅಷ್ಟೇ ಸ್ಪಷ್ಟವಾಗಿ ಓದುತ್ತಾರೆ, ಜನ ನಕ್ಕರೆ ಇನ್ನೊಂದು ಸಲ ಓದುತ್ತಾರೆ. ಒಳ್ಳೆಯ ಮನುಷ್ಯ, ಪ್ರಾಮಾಣಿಕ. ಆದರೆ ಯಾವ ಸಾಲನ್ನು ಬಿಡಬೇಕು ಎನ್ನುವುದನ್ನು ಅವರಿಗೆ ಯಾರಾದರೂ ಸ್ವಲ್ಪ ಕಲಿಸಬೇಕಿತ್ತು.